ಬಿ ಪ್ರವೇಶದ ಹೊಸ ಬಾಗಿಲು

ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಕಸದ ಬಕೆಟ್ಟು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಬೊಗ್ದಾನಾಳ ಕಾಲು, ಕೆಳಗಿನಿಂದ ತ್ಸೋನ್ಕಾಳ ದನಿ ಕೇಳಿಸಿದೊಡನೆ, ಮೊದಲ ಮಹಡಿಯ ತಿರುವಿನಲ್ಲಿ ತಾನಾಗಿ ನಿಂತುಬಿಟ್ಟಿತು. ನಿಂತ ಮೇಲೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮೂವತ್ತೇಳನೆಯ ಬ್ಲಾಕಿನ ಬಿ ಪ್ರವೇಶಕ್ಕೆ ಆರು ವರ್ಷದಿಂದ ಅವಳೇ ಮೇಲ್ವಿಚಾರಕಿ. ಬ್ಲಾಕಿಗೆ ನಾಲ್ಕು ಪ್ರವೇಶ. ಒಂದೊಂದಕ್ಕೂ ಒಂದು ಬಾಗಿಲು, ಒಂದು ಮೆಟ್ಟಿಲಸಾಲು, ಹದಿನೈದು ಮನೆ. ಎ ಪ್ರವೇಶದಲ್ಲಿ ಯಾರು ಹುಟ್ಟಿದರು ಯಾರು ಬಿಟ್ಟುಹೋದರು ಎನ್ನುವುದು ಬಿ ಪ್ರವೇಶದವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಈ ಸ್ಲಿವೆನ್ ಊರಿನಲ್ಲಿ ‘ನಮ್ಮ ಪ್ರವೇಶ’ ಎಂದರೆ ಬಾಗಿಲೂ ಹೌದು, ಬಾಗಿಲೊಳಗಿನ ಜನವೂ ಹೌದು, ಆ ಜನ ಮೆಟ್ಟಿಲ ಮೇಲೆ ನಿಂತು ಆಡಿಕೊಳ್ಳುವ ಮಾತೂ ಹೌದು. ಬಲ್ಬು ಕೆಟ್ಟರೆ, ಮಾಳಿಗೆ ಸೋರಿದರೆ, ಯಾರದೋ ನಾಯಿ ಮೆಟ್ಟಿಲಲ್ಲಿ ಹೇಸಿಗೆ ಮಾಡಿದರೆ ಎಲ್ಲರೂ ಬಂದು ತಟ್ಟುವುದು ಏಳನೆಯ ನಂಬರಿನ ಮನೆಯನ್ನು, ಅಂದರೆ ಅವಳ ಮನೆಯನ್ನು. ಅಂಥವಳು ಈಗ ಮೊಟ್ಟೆಸಿಪ್ಪೆಯ ಬಕೆಟ್ಟು ಹಿಡಿದು, ಉಸಿರು ಬಿಗಿಹಿಡಿದು, ತನ್ನದೇ ಮೆಟ್ಟಿಲ ಮೇಲೆ ಕದ್ದು ಕೇಳುತ್ತಿದ್ದಾಳೆ.

“ಅವನೇ ಕಣಮ್ಮ, ಇನ್ಯಾರು ತೆಗೀತಾರೆ?” ತ್ಸೋನ್ಕಾ ಅಂಚೆಯವಳಿಗೆ ಹೇಳುತ್ತಿದ್ದಳು. ನೆಲಮಹಡಿಯ ಒಂದನೆಯ ನಂಬರಿನ ಈ ತ್ಸೋನ್ಕಾಗೆ ಅಂಚೆಯವಳು ಸಿಕ್ಕರೆ ಅರ್ಧ ಗಂಟೆ ಬಿಡುವುದಿಲ್ಲ. “ಶುಕ್ರವಾರ ಮನೆ ನೋಡೋಕೆ ಗಂಡ ಹೆಂಡ್ತಿ ಬಂದಿದ್ರಲ್ಲ, ಕಾರಲ್ಲಿ? ಬಾಗಿಲಲ್ಲೇ ಸತ್ತೋನ ಮುಖ ಇದ್ರೆ ಯಾರಮ್ಮ ಮನೆ ಕೊಳ್ತಾರೆ? ಕಿತ್ತು ಬಿಸಾಕಿದಾನೆ. ಪಾಪ ಇಸ್ಕ್ರಾ, ಗಂಡನ ನಲವತ್ತನೇ ದಿನ ಒಬ್ಳೇ ಹೋಗಿ ಒಬ್ಳೇ ಬಂದ್ಳು. ಒಂದು ನರಪಿಳ್ಳೆ ಇರ್ಲಿಲ್ಲ. ನಮಗಾದ್ರೂ ಹೇಗೆ ಗೊತ್ತಾಗ್ಬೇಕು, ಬಾಗಿಲಲ್ಲಿ ಕಾಗದಾನೇ ಇಲ್ದೆ ಹೋದ್ರೆ?”

ಅಂಚೆಯವಳು ಚ್ಚ್ ಚ್ಚ್ ಎಂದಳು. ಬೊಗ್ದಾನಾಗೆ ಕಿವಿ ಬಿಸಿಯಾಯಿತು. ಆ ಕಾಗದ ಈಗ ಅವಳ ಅಡುಗೆಮನೆಯ ಮೇಜಿನ ಸೆಳೆಖಾನೆಯಲ್ಲಿ, ಔಷಧಿ ಚೀಟಿಗಳ ಕೆಳಗೆ, ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಕಿತ್ತವಳು ಅವಳೇ. ಕಿತ್ತಳು ಎಂದರೆ ತಪ್ಪಾಗುತ್ತದೆ. ಬಾಟಲಿಯಲ್ಲಿ ಬಿಸಿನೀರು ತಂದು, ನಾಲ್ಕೂ ಅಂಚಿಗೆ ಹನಿಸಿ, ದೋಸೆ ಮಗುಚುವ ಹಾಗೆ ಚಪ್ಪಟೆ ಸಟ್ಟುಗದಿಂದ ಮೆಲ್ಲಗೆ ಎಬ್ಬಿಸಿದ್ದಳು. ಈ ಊರಿನ ಗಾಳಿಗೆ ಒಂದು ಮೂಲೆ ಬಿಟ್ಟರೂ ಕಾಗದ ನಿಲ್ಲುವುದಿಲ್ಲ, ಆದ್ದರಿಂದ ಜನ ನೆನಪಿನ ಕಾಗದವನ್ನು ಪೂರಾ ಅಂಟು ಬಳಿದೇ ಹಚ್ಚುತ್ತಾರೆ. ಕಪ್ಪು ಅಂಚು, ಫೋಟೋ, ಹೆಸರು, ಕೆಳಗೆ ನಾಲ್ಕು ಸಾಲು. ಸತ್ತ ದಿನ ಒಂದು, ನಲವತ್ತನೆಯ ದಿನಕ್ಕೆ ಒಂದು, ಆರು ತಿಂಗಳಿಗೆ, ವರ್ಷಕ್ಕೆ. ಸತ್ತವರ ನೆನಪಿನ ಊಟಕ್ಕೆ ಯಾರನ್ನೂ ಬಾಯಿಬಿಟ್ಟು ಕರೆಯುವ ಹಾಗಿಲ್ಲ, ಕರೆದರೆ ಅಪಶಕುನ. ಬಾಗಿಲ ಮೇಲಿನ ಕಾಗದವೇ ಕರೆ. ಓದಿಕೊಂಡವರು ಬರುತ್ತಾರೆ. ಇದು ಬೊಗ್ದಾನಾಗೆ ಗೊತ್ತಿಲ್ಲದ್ದೇನಲ್ಲ. ತನ್ನ ತಾಯಿಗೆ ಅವಳೇ ಏಳು ವರ್ಷ ಸತತ ಹಚ್ಚಿದ್ದಳು, ಆಗಿನ ಕಬ್ಬಿಣದ ಹಳೆಯ ಬಾಗಿಲಿಗೆ.

ಆ ಹಳೆಯ ಬಾಗಿಲು. ಸೆಪ್ಟೆಂಬರ್ ಮೊದಲ ವಾರ ಕೆಲಸದವರು ಅದನ್ನು ಕಳಚಿದಾಗ ಅದರ ಮೇಲಿನ ಕಾಗದ ಮತ್ತು ಅಂಟು ಸೇರಿ ಒಂದು ಬೆರಳು ದಪ್ಪವಿತ್ತು. ನಲವತ್ತು ವರ್ಷದ ಸತ್ತವರು. ಒಬ್ಬ ಕೆಲಸದವನು ಉಳಿಯಿಂದ ಮೀಟಿದಾಗ ಪದರ ಪದರವಾಗಿ ಎದ್ದು, ಒಳಗಿನಿಂದ ಯಾರದೋ ಅರ್ಧ ಮೀಸೆ, ಯಾರದೋ ಟೋಪಿ ಕಾಣಿಸಿತು. ಮೇಲಿನ ಪದರದಲ್ಲಿ ಆಗಸ್ಟಿನಲ್ಲಿ ಸತ್ತ ಮೆತೋದಿ, ಇಸ್ಕ್ರಾಳ ಗಂಡ, ಟೈ ಕಟ್ಟಿಕೊಂಡು, ಹುಬ್ಬೇರಿಸಿಕೊಂಡು. ಬೊಗ್ದಾನಾಗೆ ಆ ಹೊತ್ತು ದುಃಖವಾಗಿರಲಿಲ್ಲ. ಖುಷಿಯಾಗಿತ್ತು. ಮೂರು ವರ್ಷ ಮನೆಮನೆ ಸುತ್ತಿ, ಬೇಡಿ, ಜಗಳವಾಡಿ, ಸಭೆ ಸೇರಿಸಿ ಕೈ ಎತ್ತಿಸಿ ಮಾಡಿಸಿದ ಬಾಗಿಲು ಬಂದಿತ್ತು: ಬೂದುಬಣ್ಣದ ಅಲ್ಯೂಮಿನಿಯಂ, ಮೇಲಿನಿಂದ ಕೆಳಗಿನವರೆಗೆ ಗಾಜು, ತಲೆಯ ಮೇಲೆ ಕ್ಯಾಮೆರಾ. ಬಾಗಿಲಿಗೆ ಇನ್ನು ಏನನ್ನೂ ಅಂಟಿಸಬಾರದು, ಒಳಗೆ ಗೋಡೆಗೆ ಫಲಕ ಹಾಕಿಸುವುದು ಎಂದು ಸಭೆಯಲ್ಲಿ ಹೇಳಿದವಳೂ ಅವಳೇ. ಎಲ್ಲರೂ ತಲೆಯಾಡಿಸಿದ್ದರು. ಇಸ್ಕ್ರಾ ಆ ಸಭೆಗೆ ಬಂದಿರಲಿಲ್ಲ, ಅವಳಿಗೆ ಮೊಣಕಾಲು ನೋವು.

ಇನ್ನು ನಿಂತರೆ ನಿಂತದ್ದು ಗೊತ್ತಾಗುತ್ತದೆ ಎಂದು ಅವಳು ಬೇಕೆಂದೇ ಚಪ್ಪಲಿ ಸದ್ದು ಮಾಡುತ್ತ ಇಳಿದಳು. ಅಂಚೆಯವಳು ಹೊರಟುಹೋಗಿದ್ದಳು. ಅದೇ ಹೊತ್ತಿಗೆ ಎರಡನೆಯ ನಂಬರಿನ ಬಾಗಿಲು ತೆರೆದು ಕಲೋಯಾನ್ ಹೊರಬಂದ. ಮೂವತ್ತೈದರ ಗಂಡಸು, ಬ್ರೆಡ್ಡಿನ ಗಾಡಿ ಓಡಿಸುವವನು, ಈ ಪ್ರವೇಶಕ್ಕೆ ಬಂದು ನಾಲ್ಕೇ ವರ್ಷ. ಅವನು ನಮಸ್ಕಾರ ಎಂದ. ತ್ಸೋನ್ಕಾ ತನ್ನ ಟಪಾಲು ಪೆಟ್ಟಿಗೆಯೊಳಗೆ ತಲೆ ಹಾಕಿ ಏನೋ ಹುಡುಕತೊಡಗಿದಳು.

“ನಿಮಗೇ ಹೇಳಿದ್ದು ತ್ಸೋನ್ಕಾ ಚಿಕ್ಕಮ್ಮ. ನಮಸ್ಕಾರ.”

“ಕೇಳಿಸ್ತಪ್ಪ, ಕಿವಿ ಇದೆ,” ತ್ಸೋನ್ಕಾ ಪೆಟ್ಟಿಗೆಯೊಳಗಿಂದಲೇ ಹೇಳಿದಳು.

ಅವನು ಬೊಗ್ದಾನಾ ಕಡೆ ತಿರುಗಿದ. ರಾತ್ರಿ ನಿದ್ದೆಯಾಗದ ಕಣ್ಣು. “ಬೊಗ್ದಾನಾ ಚಿಕ್ಕಮ್ಮ, ಆ ಕ್ಯಾಮೆರಾ ಏನಕ್ಕೆ ಹಾಕ್ಸಿದ್ದು? ಅಂದಕ್ಕಾ? ನೋಡಿ ಒಂದ್ಸಲ. ಹಾಕಿದೋನ್ನ ನಾನು ನಿನ್ನೆ ಫೋನ್ ಮಾಡಿ ಕೇಳ್ದೆ. ಏಳು ದಿನ ಇರುತ್ತಂತೆ ಅದ್ರಲ್ಲಿ, ಆಮೇಲೆ ತಾನೇ ಅಳಿಸ್ಕೊಂಡು ಹೋಗುತ್ತಂತೆ. ಕಾಗದ ಹೋಗಿದ್ದು ಗುರುವಾರ. ಬುಧವಾರ ಸಾಯಂಕಾಲ ಇತ್ತು, ಗುರುವಾರ ಇರ್ಲಿಲ್ಲ, ನಾನೇ ನೋಡಿದೀನಿ. ಅಂದ್ರೆ ನಾಳೆ ಬೆಳಿಗ್ಗೆ ಅಷ್ಟೊತ್ತಿಗೆ ಹೋಯ್ತು. ಗುಟ್ಟಿನ ನಂಬರು ಇರೋದು ನಿಮ್ಮೊಬ್ಬರ ಹತ್ರ.”

“ಓಹೋ, ನೋಡ್ಲಿ ನೋಡ್ಲಿ,” ಎಂದಳು ತ್ಸೋನ್ಕಾ. “ಧೈರ್ಯ ನೋಡು ಇವನದು.”

“ತಪ್ಪು ಮಾಡ್ದೇ ಇದ್ರೆ ಧೈರ್ಯ ಇರ್ದೆ ಇನ್ನೇನಿರುತ್ತೆ?” ಎಂದ ಅವನು. “ಮೂರು ಗಂಟೆಗೆ ಕೆಲಸಕ್ಕೆ ಹೋಗ್ಬೇಕು ನಾನು. ಅದಕ್ಕೆ ಮುಂಚೆ ನಿಮ್ಮ ಮನೆಗೆ ಬರ್ತೀನಿ ಚಿಕ್ಕಮ್ಮ. ಒಟ್ಟಿಗೇ ನೋಡಣ. ಆಗ್ಬಹುದಾ?”

“ಆಗ್ಲಿ,” ಎಂದಳು ಬೊಗ್ದಾನಾ. ಹೊಸ ಬಾಗಿಲನ್ನು ತಳ್ಳಿ ಹೊರಗೆ ಹೋಗಿ, ಕಸ ಸುರಿದು, ಖಾಲಿ ಬಕೆಟ್ಟು ಹಿಡಿದು ಅಲ್ಲಿಯೇ ಸ್ವಲ್ಪ ಹೊತ್ತು ನಿಂತಳು. ಗಾಳಿ ಬೀಸುತ್ತಿತ್ತು. ಎದುರು ಬ್ಲಾಕಿನ ಬಾಲ್ಕನಿಗಳಿಂದ ಮೆಣಸಿನಕಾಯಿ ಸುಡುವ ವಾಸನೆ ಬರುತ್ತಿತ್ತು. ಚಳಿಗಾಲಕ್ಕೆ ಎಲ್ಲರೂ ಸುಟ್ಟು, ಸಿಪ್ಪೆ ಸುಲಿದು, ಜಾಡಿಗೆ ತುಂಬುವ ವಾರ ಇದು. ಹಿಂದಕ್ಕೆ ತಿರುಗಿದಾಗ ಗಾಜಿನಲ್ಲಿ ಅವಳೇ ಕಾಣಿಸಿದಳು, ಅಗಲವಾದ ಸೊಂಟ, ನೀಲಿ ಮನೆಯಂಗಿ. ಗಾಜು ಚೊಕ್ಕಟವಾಗಿತ್ತು. ಇಷ್ಟು ಚೊಕ್ಕಟ ಇರಬೇಕಾಗಿರಲಿಲ್ಲ.

ಮನೆಗೆ ಬಂದು ಕೈ ತೊಳೆದಳು. ಕಾಫಿ ಇಟ್ಟಳು, ಉಕ್ಕಿಸಿದಳು, ಒರೆಸಿದಳು. ಆದದ್ದು ಇಷ್ಟು. ಗುರುವಾರ ಬೆಳಿಗ್ಗೆ ಏಳಕ್ಕೆ ಮುಂಚೆ ಬಾಗಿಲ ಮೇಲೆ ಮೆತೋದಿಯ ಕಾಗದ ಕಂಡಿತು. ಅದೇ ಫೋಟೋ, ಅದೇ ಟೈ, ಅದೇ ಹುಬ್ಬು. ಸತ್ತ ದಿನದ ಕಾಗದ ಹಳೆಯ ಬಾಗಿಲಿನ ಜೊತೆ ಹೋಯಿತೆಂದು ಇಸ್ಕ್ರಾ ಮಿಕ್ಕ ಪ್ರತಿಯೊಂದನ್ನು ತಂದು ಮತ್ತೆ ಹಚ್ಚಿದ್ದಾಳೆ ಅಂದುಕೊಂಡಳು. ಹೇಗೂ ಮೂವತ್ತು ನಲವತ್ತು ಪ್ರತಿ ತೆಗೆಸಿರುತ್ತಾರೆ, ಯಾವಾಗಲೂ ಮಿಗುತ್ತವೆ. ಸೋಮವಾರ ಫಲಕ ಬಂದಮೇಲೆ ಅದರಲ್ಲಿ ಹಾಕಿದರಾಯಿತು ಅಂದುಕೊಂಡಳು. ಕೆಳಗಿನ ನಾಲ್ಕು ಸಾಲನ್ನು ಓದಲಿಲ್ಲ. ಇಪ್ಪತ್ತೇಳು ವರ್ಷ ನೂಲಿನ ಗಿರಣಿಯ ಗೇಟಿನಲ್ಲಿ, ಗಾಜಿನ ಗೂಡಿನಲ್ಲಿ ಕೂತು, ದಿನಕ್ಕೆ ಸಾವಿರ ಪಾಸು ನೋಡಿದ ಹೆಂಗಸು ಅವಳು. ಮುಖ, ಹೆಸರು, ತಾರೀಖು. ತಾರೀಖು ಮುಗಿದ ಪಾಸನ್ನು ಹತ್ತು ಹೆಜ್ಜೆ ದೂರದಿಂದ ಹಿಡಿಯುತ್ತಿದ್ದಳು, ಗಿರಣಿಯಲ್ಲಿ ಅವಳಿಗೆ ಅದೇ ಹೆಸರಿತ್ತು. ಈ ಒಂದು ಕಾಗದದ ತಾರೀಖು ಮಾತ್ರ ನೋಡಲಿಲ್ಲ. ಗುರುತಿನ ಮುಖ, ಹಾಗೆಯೇ ಬಿಟ್ಟುಬಿಟ್ಟಳು.

ಶನಿವಾರ ಮಧ್ಯಾಹ್ನ ಒಂದೂವರೆಗೆ ತ್ಸೋನ್ಕಾ ಏದುಸಿರು ಬಿಡುತ್ತ ಬಂದು ಬಾಗಿಲು ಬಡಿದಾಗ ಬೊಗ್ದಾನಾ ಮೆಣಸಿನಕಾಯಿ ಸುಲಿಯುತ್ತಿದ್ದಳು, ಕೈ ಉರಿಯುತ್ತಿತ್ತು. ಇಸ್ಕ್ರಾ ಕೆಳಗೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ, ಸ್ಮಶಾನದಿಂದ ಒಬ್ಬಳೇ ಬಂದಿದ್ದಾಳೆ, ಇವತ್ತು ಮೆತೋದಿಯ ನಲವತ್ತನೆಯ ದಿನವಂತೆ, ಬುಧವಾರ ಕಾಗದ ಹಚ್ಚಿದ್ದಳಂತೆ, ಬಾಗಿಲಲ್ಲಿ ಕಾಗದವಿಲ್ಲ. ಬೊಗ್ದಾನಾಳ ಕಣ್ಣು ಗೋಡೆಯ ಬಿಸಿನೀರಿನ ಕೊಳವೆಯ ಮೇಲೆ ಒಣಗಲು ಹಾಕಿದ್ದ ಕಾಗದದ ಕಡೆ ಹೋಯಿತು. ಅಲ್ಲಿಂದಲೇ ಓದಬಹುದಿತ್ತು: ಶನಿವಾರ, ಹನ್ನೊಂದು ಗಂಟೆ, ಊರ ಸ್ಮಶಾನ, ಎಲ್ಲ ಬಂಧುಗಳೂ ನೆರೆಯವರೂ. ಅವಳು ಬಾಯಿ ತೆರೆದದ್ದು ನಿಜ. ‘ಅಯ್ಯೋ, ಅದು ನಾನು’ ಎಂಬ ಮಾತು ಬಾಯಲ್ಲಿಯೇ ಇತ್ತು. ಆದರೆ ಆ ಒಂದು ಉಸಿರಿನಲ್ಲಿ ತ್ಸೋನ್ಕಾ ಮುಂದುವರಿದುಬಿಟ್ಟಳು: “ಆ ಕಲೋಯಾನೇ ಇರ್ಬೇಕು ಕಣೇ, ಮನೆ ಮಾರ್ತಿದಾನಲ್ಲ!” ಬಾಯಿ ತೆರೆದಿದ್ದ ಬೊಗ್ದಾನಾ, “ಇರ್ಬಹುದು” ಎಂದಳು. ಬರೀ ಇರಬಹುದು. ಹಾಗೆ ಹೇಳಿದ ಮೇಲೆ ಕೊಳವೆಯ ಮುಂದೆ ಅಡ್ಡ ಸರಿದು ನಿಂತಳು, ಕಾಗದ ಕಾಣದಿರಲಿ ಎಂದು. ನಾಲ್ಕು ದಿನದಿಂದ ಅವಳಿಗೆ ನೆನಪಾದಾಗಲೆಲ್ಲ ಮೈ ಜುಮ್ಮೆನ್ನಿಸುವುದು ಆ ಅಡ್ಡ ಸರಿದದ್ದು. ‘ಇರಬಹುದು’ ಎಂದದ್ದಕ್ಕಿಂತ ಅದು ಹೆಚ್ಚು ನಾಚಿಕೆಗೇಡು.

ಈಗ ಹನ್ನೊಂದು ಗಂಟೆ. ಮೂರಕ್ಕೆ ಮುಂಚೆ ಕಲೋಯಾನ್ ಬರುತ್ತಾನೆ. ಗುಟ್ಟಿನ ನಂಬರು ಮರೆತುಹೋಗಿದೆ ಎನ್ನಬಹುದು. ಕ್ಯಾಮೆರಾ ಗುರುವಾರ ಕೆಟ್ಟಿತ್ತು ಎನ್ನಬಹುದು; ಕರೆಂಟು ಹೋಗಿತ್ತೋ ಏನೋ, ಯಾರು ಬರೆದಿಟ್ಟುಕೊಂಡಿರುತ್ತಾರೆ? ನಾಳೆ ಬೆಳಿಗ್ಗೆ ಏಳಾದರೆ ಯಂತ್ರ ತಾನೇ ಅಳಿಸುತ್ತದೆ, ಅವಳು ಒಂದು ಬೆರಳೂ ಎತ್ತಬೇಕಾಗಿಲ್ಲ. ಕಲೋಯಾನ್ ಹೇಗೂ ಮನೆ ಮಾರಿ ಹೋಗುವವನು. ಇನ್ನೆರಡು ತಿಂಗಳಿಗೆ ಅವನ ಮುಖವೂ ಇರುವುದಿಲ್ಲ, ಮಾತೂ ಅವನ ಹಿಂದೆಯೇ ಹೋಗುತ್ತದೆ. ಇಲ್ಲಿ ಇರಬೇಕಾದವಳು ತಾನು. ಈ ಪ್ರವೇಶ ಬಿಟ್ಟರೆ ತನಗೆ ಇನ್ನೇನಿದೆ ಎಂದು ಕೇಳಿಕೊಂಡರೆ, ಮದುವೆಯಾಗಿ ಹನ್ನೊಂದು ತಿಂಗಳಿಗೆ ಗಂಡನನ್ನು ಬಿಟ್ಟವಳಿಗೆ, ಗಿರಣಿ ಮುಚ್ಚಿದ ಮೇಲೆ ಗೇಟೂ ಇಲ್ಲದವಳಿಗೆ, ಉತ್ತರ ದೊಡ್ಡದೇನಿರಲಿಲ್ಲ. ಮೆಟ್ಟಿಲಿಳಿಯುವಾಗ ಹದಿನಾಲ್ಕು ಮನೆಯವರು ‘ಬೊಗ್ದಾನಾ, ಸ್ವಲ್ಪ ನಿಲ್ಲು’ ಎನ್ನುವುದು, ಅಷ್ಟೇ. ಅದು ಹೋದೀತೆಂಬ ಭಯ ಅವಳಿಗೆ ನಿಜವಾಗಿಯೂ ಇತ್ತು.

ಮತ್ತು ಇಸ್ಕ್ರಾ. ಬೇರೆ ಯಾರದ್ದಾದರೂ ಕಾಗದವಾಗಿದ್ದರೆ ಅದೇ ಶನಿವಾರ ಮೇಲೆ ಹೋಗಿ ಕೈಮುಗಿದು ಬರುತ್ತಿದ್ದಳೇನೋ. ಇಸ್ಕ್ರಾಳ ಮುಂದೆ ಎರಡನೆಯ ಸಲ ನಿಲ್ಲಬೇಕಲ್ಲ. ಮೊದಲ ಸಲ, ಗಿರಣಿಯ ದಿನಗಳಲ್ಲಿ, ಫೆಬ್ರವರಿ ತಿಂಗಳು, ಗೇಟಿನ ಗೂಡಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿತ್ತು, ಕೋಟಿನ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಂಡ ಒಬ್ಬ ಹೆಂಗಸು ಬಂದು ಗಾಜು ತಟ್ಟಿದಳು. ನೇಯ್ಗೆ ವಿಭಾಗದ ಮೆಕ್ಯಾನಿಕ್ ಮೆತೋದಿಯ ಹೆಂಡತಿ, ಅತ್ತೆಗೆ ಕೊನೆಗಾಲ, ಅವನನ್ನು ಕರೆಯಬೇಕು. ಪಾಸು? ಪಾಸಿಲ್ಲ. ಪಾಸಿಲ್ಲದೆ ಒಳಗೆ ಬಿಡುವ ಹಾಗಿಲ್ಲಮ್ಮ. ಬಿಡಬೇಡಿ, ಹೇಳಿ ಕಳಿಸಿ ಸಾಕು. ಬೊಗ್ದಾನಾ ಫೋನು ಮಾಡಿದಳು. ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗೂಡು ಬಿಟ್ಟು ತಾನು ಹೋಗುವ ಹಾಗಿರಲಿಲ್ಲ, ಅದು ನಿಯಮ. ಐವತ್ತು ನಿಮಿಷ ಆ ಹೆಂಗಸು ಹಿಮದಲ್ಲಿ ನಿಂತಳು. ಕೂಗಾಡಲಿಲ್ಲ. ಮೆತೋದಿ ಮನೆ ಮುಟ್ಟುವಷ್ಟರಲ್ಲಿ ತಾಯಿ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಬೊಗ್ದಾನಾಳನ್ನು ಯಾರೂ ಏನೂ ಅನ್ನಲಿಲ್ಲ, ಅನ್ನಲು ಬರುವ ಹಾಗೂ ಇರಲಿಲ್ಲ. ಎರಡು ವರ್ಷದ ಮೇಲೆ ಇಬ್ಬರಿಗೂ ಒಂದೇ ಪ್ರವೇಶದಲ್ಲಿ ಮನೆ ಸಿಕ್ಕಿತು. ಬೊಗ್ದಾನಾಳ ಫ್ರಿಜ್ಜನ್ನು ಬೆನ್ನ ಮೇಲೆ ಹೊತ್ತು ಎರಡನೆಯ ಮಹಡಿಗೆ ತಂದಿಟ್ಟವನು ಮೆತೋದಿಯೇ. ಇಳಿಸಿ, ಬೆವರು ಒರೆಸಿಕೊಂಡು, “ಪಾಸು ಕೇಳ್ಬೇಡ ಮತ್ತೆ” ಎಂದು ನಕ್ಕಿದ್ದ. ತಮಾಷೆಗೆ ಹೇಳಿದ್ದೋ ಅಲ್ಲವೋ ಇವತ್ತಿಗೂ ಅವಳಿಗೆ ಗೊತ್ತಾಗಿಲ್ಲ. ಇಸ್ಕ್ರಾ ಗೇಟಿನ ಆ ಮಾತನ್ನು ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಎತ್ತಲಿಲ್ಲ, ಎತ್ತದೆ ಇದ್ದದ್ದಕ್ಕೇ ಬೊಗ್ದಾನಾಗೆ ಅವಳನ್ನು ಕಂಡರೆ ಒಳಗೊಳಗೇ ಅಸಮಾಧಾನ.

ಹನ್ನೆರಡಕ್ಕೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ನೋಡಿಬಿಡೋಣ, ಮುಖ ಸರಿಯಾಗಿ ಕಾಣಿಸುತ್ತದೋ ಇಲ್ಲವೋ. ಕಾಣಿಸದಿದ್ದರೆ ಕೂತು ಅವನಿಗೂ ತೋರಿಸಬಹುದು. ಆಸೆ ಎಂದರೆ ಇಂಥದು. ಗುರುವಾರ, ಆರು ಐವತ್ತೆರಡು. ಮೇಲಿನಿಂದ ತೆಗೆದ ಚಿತ್ರ. ಮೊದಲು ಕಂಡದ್ದು ತನ್ನ ನಡುನೆತ್ತಿ: ಕೂದಲು ಉದುರಿ ಬೈತಲೆ ಎರಡು ಬೆರಳು ಅಗಲವಾಗಿತ್ತು. ಇಷ್ಟು ವರ್ಷ ತನ್ನ ಹಿಂದೆ ಮೆಟ್ಟಿಲಿಳಿದವರೆಲ್ಲ ಇದನ್ನು ನೋಡಿದ್ದಾರೆ ಎಂಬುದು ಆ ಸ್ಥಿತಿಯಲ್ಲಿಯೂ ಅವಳಿಗೆ ನೋವು ತಂದಿತು. ಚಿತ್ರದ ಹೆಂಗಸು ಬಾಟಲಿಯಿಂದ ನೀರು ಹನಿಸಿದಳು, ಕಾಯ್ದಳು, ಸಟ್ಟುಗ ತೂರಿಸಿದಳು. ಕಾಗದ ಎದ್ದ ಮೇಲೆ ಗಾಜನ್ನು ತೋಳಿನಿಂದ ಉಜ್ಜಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿ, ಕ್ಯಾಮೆರಾ ಸರಿಯಾಗಿ ಕೂತಿದೆಯೋ ಎಂದು ನೇರವಾಗಿ ಅದನ್ನೇ ನೋಡಿದಳು. ಪಾಸಿನ ಫೋಟೋ ಕೂಡ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಅಲ್ಲಿಗೆ ಮುಚ್ಚಬಹುದಿತ್ತು. ಆದರೆ ಕೈ ಶನಿವಾರಕ್ಕೆ ಹೋಯಿತು. ಹತ್ತು ಮೂವತ್ತೈದು: ಬಾಗಿಲು ತೆರೆಯಿತು, ತೆರೆದವಳು ಬೊಗ್ದಾನಾಳೇ, ಮೆಣಸಿನಕಾಯಿಯ ಚೀಲ ಎಳೆದುಕೊಂಡು ಒಳಗೆ ಬರುತ್ತಿದ್ದಳು. ಎದುರಿಗೆ ಇಸ್ಕ್ರಾ ಕೋಲೂರಿ ಹೊರಗೆ ಬರುತ್ತಿದ್ದಳು, ಕಪ್ಪು ಬಟ್ಟೆ, ಕೈಯಲ್ಲಿ ದೊಡ್ಡ ಚೀಲ. ಬೊಗ್ದಾನಾ ಬೆನ್ನಿನಿಂದ ಬಾಗಿಲನ್ನು ಗೋಡೆಗೆ ಒತ್ತಿ ಹಿಡಿದು ಅವಳಿಗೆ ದಾರಿ ಬಿಟ್ಟಳು. ಹಾಗೆ ಹಿಡಿದದ್ದರಿಂದಲೇ ಹೊರಗೆ ಹೋಗುವವಳಿಗೆ ಬರಿಗಾಜು ಕಾಣಲಿಲ್ಲ. ಇಸ್ಕ್ರಾಳ ತುಟಿ ಅಲ್ಲಾಡಿತು. ಚಿತ್ರಕ್ಕೆ ಸದ್ದಿಲ್ಲ, ಬೇಕಾಗಿಯೂ ಇರಲಿಲ್ಲ. “ನೀನು ಬರೋದಿಲ್ವಾ?” ಎಂದು ಕೇಳಿದ್ದಳು ಇಸ್ಕ್ರಾ. ಸಂತೆಗೆ ಎಂದು ತಿಳಿದು ಬೊಗ್ದಾನಾ ಹೇಳಿದ್ದಳು, “ಎಲ್ಲಿ ಬರ್ಲಿ ಅಕ್ಕ, ಇಪ್ಪತ್ತು ಕಿಲೋ ಮೆಣಸಿನಕಾಯಿ ಇದೆ, ಇವತ್ತು ಸುಡದಿದ್ರೆ ಕೊಳೆಯುತ್ತೆ.” ಇಸ್ಕ್ರಾ ಅವಳನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ, ಹೊರಗೆ ಹೋಗಿದ್ದಳು.

ಆಮೇಲೆ ಇಪ್ಪತ್ತೆರಡು ನಿಮಿಷ ಇಸ್ಕ್ರಾ ಬಾಗಿಲ ಹೊರಗೆ ನಿಂತಿದ್ದಳು, ಬಾಗಿಲಿಗೆ ಬೆನ್ನು ಹಾಕಿ. ಬೊಗ್ದಾನಾ ಚಿತ್ರವನ್ನು ಎಲ್ಲಿಯೂ ಮುಂದಕ್ಕೆ ಓಡಿಸದೆ ಇಪ್ಪತ್ತೆರಡೂ ನಿಮಿಷ ನೋಡಿದಳು. ಗಾಳಿಗೆ ಅವಳ ತಲೆವಸ್ತ್ರ ಹಾರುತ್ತಿತ್ತು. ಆಗೀಗ ತಲೆಯೆತ್ತಿ ಒಂದೊಂದೇ ಬಾಲ್ಕನಿ ನೋಡುತ್ತಿದ್ದಳು. ಯಾರಾದರೂ ಕಪ್ಪು ಬಟ್ಟೆ ಹಾಕಿಕೊಂಡು, ತಡವಾಯಿತೆಂದು ಓಡಿಬರಬಹುದೆಂದು ಕಾಯುತ್ತಿದ್ದಳು. ತ್ಸೋನ್ಕಾ ಚಕ್ರದ ಚೀಲ ಎಳೆಯುತ್ತ ಬಂದು ಏನೋ ಹೇಳಿ ಒಳಗೆ ಹೋದಳು. ಟ್ಯಾಕ್ಸಿ ಬಂತು. ಚಾಲಕ ಚೀಲ ಎತ್ತಿಟ್ಟ. ಹಿಂದಿನ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಳ್ಳುವ ಮುಂಚೆ ಇಸ್ಕ್ರಾ ಇನ್ನೊಂದು ಸಲ ಮೇಲೆ ನೋಡಿದಳು. ಎರಡನೆಯ ಮಹಡಿಯ ಬೊಗ್ದಾನಾಳ ಬಾಲ್ಕನಿಯಿಂದ ಆ ಹೊತ್ತಿಗೆ ಹೊಗೆ ಬರುತ್ತಿದ್ದಿರಬೇಕು.

ಬೊಗ್ದಾನಾ ಅತ್ತಳು. ಕಂಪ್ಯೂಟರಿನ ಮುಂದೆ ಕೂತು, ಬಾಯಿಗೆ ಕೈಯಡ್ಡ ಹಿಡಿದು, ಗೋಡೆ ತೆಳ್ಳಗಿದೆ ಎಂಬ ಎಚ್ಚರದಲ್ಲಿಯೇ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಮನೆಯಂಗಿ ಬಿಚ್ಚಿ, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡಳು. ಸೆಳೆಖಾನೆಯಿಂದ ಕಾಗದ ತೆಗೆದಳು. ಅವನು ಬರುವವರೆಗೆ ಕಾಯಲು ಆಗಲಿಲ್ಲ. ಕಾದರೆ ಇನ್ನೇನಾದರೂ ಹೊಳೆದೀತು, ಹೊಳೆಯುವುದರಲ್ಲಿ ಅವಳು ಜಾಣೆ, ಅದು ಅವಳಿಗೇ ಗೊತ್ತಿತ್ತು.

ಕಲೋಯಾನ್ ಬಾಗಿಲು ತೆರೆದಾಗ ಅವನ ಬಾಯಲ್ಲಿ ತುತ್ತಿತ್ತು. ಗಡಿಬಿಡಿಯಿಂದ ನುಂಗಿದ.

“ನೋಡಿದ್ರಾ?”

“ನೋಡ್ದೆ.”

“ಯಾರು?”

“ನಾನು.”

“ನೀವು ನೋಡಿದ್ರಿ. ತೆಗೆದೋರು ಯಾರು ಅಂತ ಕೇಳ್ದೆ.”

“ನಾನೇ ಕಣಪ್ಪ. ತೆಗೆದಿದ್ದು ನಾನು.” ಅವಳು ಮಡಿಸಿದ ಕಾಗದವನ್ನು ಮುಂದೆ ಹಿಡಿದಳು, ಗೇಟಿನಲ್ಲಿ ಜನ ಪಾಸು ಹಿಡಿಯುತ್ತಿದ್ದ ರೀತಿಯಲ್ಲಿ. “ಹಳೇದು ಅಂದ್ಕೊಂಡೆ. ಓದ್ಲಿಲ್ಲ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ.”

ಅವನು ಕಾಗದವನ್ನು ಮುಟ್ಟಲಿಲ್ಲ. “ಭಾನುವಾರ ನಮ್ಮಮ್ಮ ಫೋನ್ ಮಾಡಿದ್ಳು,” ಎಂದ. “ಯಾರೋ ಅವಳಿಗೂ ಮುಟ್ಟಿಸಿದಾರೆ. ‘ನಿಜ ಹೇಳು ಮಗನೇ, ನೀನೇ ಕಿತ್ತಿದ್ದಾ?’ ಅಂದ್ಳು. ನಮ್ಮಮ್ಮ. ಇಲ್ಲ ಅಂದ್ರೆ, ‘ಹೋಗ್ಲಿ ಬಿಡು, ಆ ಅಜ್ಜಿಗೆ ಕ್ಷಮೆ ಕೇಳ್ಕೋ’ ಅಂದ್ಳು.” ಅವನಿಗೆ ನಗು ಬಂದಂತಾಗಿ ನಿಂತುಹೋಯಿತು. “ಈಗ ನನ್ನ ಬಾಗಿಲಲ್ಲಿ ಪಿಸುಗುಟ್ತಿದೀರಲ್ಲ ಚಿಕ್ಕಮ್ಮ. ಕಳ್ಳ ಅಂದಿದ್ದು ಮೆಟ್ಟಿಲ ಮೇಲೆ. ಅಲ್ಲೇ ಹೇಳಿ.”

ಬೊಗ್ದಾನಾ ತಿರುಗಿದಳು. ಒಂದನೆಯ ನಂಬರಿನ ಬಾಗಿಲು ಆಗಲೇ ನಾಲ್ಕು ಬೆರಳು ತೆರೆದಿತ್ತು. ಅವಳು ಮೆಟ್ಟಿಲಿನ ಬುಡಕ್ಕೆ ಹೋಗಿ, ಕಂಬಿ ಹಿಡಿದು, ಮೇಲೆ ನೋಡಿದಳು. ಐದು ಮಹಡಿಯ ಸುರುಳಿ, ತುದಿಯಲ್ಲಿ ಮಾಡಿನ ಚೌಕದ ಬೆಳಕು. ಪಾಳಿ ಬದಲಾಗುವ ಹೊತ್ತಿನಲ್ಲಿ ಗೇಟಿನಿಂದ ಸಾವಿರ ಜನಕ್ಕೆ ಕೂಗಿ ಹೇಳಿದ ಗಂಟಲು ಅದು. ಕೂಗಿದಳು: “ಮೆತೋದಿಯ ಕಾಗದ ತೆಗೆದೋಳು ನಾನು, ಬೊಗ್ದಾನಾ, ಏಳನೇ ನಂಬರು. ಕಲೋಯಾನ್ ಅಲ್ಲ. ಗೊತ್ತಿದ್ದೂ ನಾಲ್ಕು ದಿನ ಸುಮ್ಮನಿದ್ದೆ.” ಮಾತು ಮೇಲಕ್ಕೆ ಹೋಯಿತು. ಎಲ್ಲೋ ಒಂದು ಬಾಗಿಲು ತೆರೆಯಿತು, ಇನ್ನೊಂದು ಕಡೆ ರೇಡಿಯೋ ನಿಂತಿತು.

“ಅಯ್ಯೋ ನನಗೆ ಅವತ್ತೇ ಅನುಮಾನ ಇತ್ತು ಕಣೇ,” ಎಂದಳು ತ್ಸೋನ್ಕಾ, ಬಾಗಿಲನ್ನು ಪೂರ್ತಿ ತೆರೆದು.

“ಇತ್ತಾ? ಹಾಗಾದ್ರೆ ಇವನ ಅಮ್ಮನಿಗೂ ಫೋನ್ ಮಾಡಿ ಅದನ್ನೇ ಹೇಳು,” ಎಂದಳು ಬೊಗ್ದಾನಾ. ಕಲೋಯಾನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ, ಸದ್ದಾಗದ ಹಾಗೆ. ಕ್ಷಮಿಸಿದೆ ಎನ್ನಲಿಲ್ಲ, ಯಾಕೆ ಅನ್ನಬೇಕು?

ಮೂರನೆಯ ಮಹಡಿಗೆ ನಲವತ್ತೆಂಟು ಮೆಟ್ಟಿಲು. ಹತ್ತುವಾಗ ಅವಳು ಮಾತು ಜೋಡಿಸಿಕೊಳ್ಳಲು ನೋಡಿದಳು. ಗಿರಣಿಯ ಗೇಟಿನ ಮಾತು ಅವಳೇ ಎತ್ತಬಹುದು, ಎತ್ತಿದರೆ ಅದಕ್ಕೂ ಸೇರಿಸಿ ಒಟ್ಟಿಗೆ ಕ್ಷಮೆ ಕೇಳಬೇಕು. ಎತ್ತಿದರೆ ಗಾಯ ಕೆದಕಿದಂತೆಯೂ ಆದೀತು. ಹನ್ನೊಂದನೆಯ ನಂಬರಿನ ಬಾಗಿಲು ತೆರೆದೇ ಇತ್ತು. ಇಸ್ಕ್ರಾ ಹೊಸ್ತಿಲೊಳಗೆ ಕೋಲೂರಿ ನಿಂತಿದ್ದಳು.

“ಕೂಗಿದ್ದು ಕೇಳಿಸ್ತು,” ಎಂದಳು.

“ಇಸ್ಕ್ರಾ ಅಕ್ಕ, ನಾನು ಹಳೇ ಕಾಗದ ಅಂದ್ಕೊಂಡು...”

“ಗೊತ್ತಿತ್ತು ನನಗೆ. ಶನಿವಾರವೇ ಗೊತ್ತಿತ್ತು. ಬೇರೆ ಯಾರಾದ್ರೂ ಕಿತ್ತಿದ್ರೆ ಮೂಲೆ ಉಳೀತಿತ್ತು. ನಾಲ್ಕು ಮೂಲೆನೂ ಚೊಕ್ಕಟ. ಈ ಪ್ರವೇಶದಲ್ಲಿ ಹಾಗೆ ಒರೆಸೋಳು ನೀನೊಬ್ಳೇ.”

“ಮತ್ತೆ ಯಾಕೆ ಹೇಳ್ಲಿಲ್ಲ? ಆ ಹುಡುಗನ ಮೇಲೆ ಎಲ್ಲ...”

“ನಾನು ಯಾರ ಹೆಸ್ರೂ ಹೇಳಿಲ್ಲ. ಅವರು ಹೇಳಿದ್ರು, ನಾನು ಸುಮ್ಮನಿದ್ದೆ. ನೀನು ಎಷ್ಟು ದಿನ ಸುಮ್ಮನಿರ್ತೀಯ ನೋಡೋಣ ಅಂತ.” ಇಸ್ಕ್ರಾ ತಲೆವಸ್ತ್ರದ ಗಂಟು ಸರಿಮಾಡಿಕೊಂಡಳು. “ಅದೂ ತಪ್ಪೇ. ಅವನ ಹತ್ರ ನಾನೂ ಹೋಗ್ಬೇಕು. ಮೆಣಸಿನಕಾಯಿ ಸುಡ್ಬೇಕು ಅಂದಾಗ ಮಾತ್ರ, ಬೊಗ್ದಾನಾ, ನಿಜವಾಗ್ಲೂ ಬೇಕಂತಲೇ ಅಂದೆ ಅಂದ್ಕೊಂಡೆ. ಟ್ಯಾಕ್ಸಿಯಲ್ಲಿ ಪೂರ್ತಿ ಅದೇ. ಮೆತೋದಿ ಹೊತ್ತ ಫ್ರಿಜ್ಜಲ್ಲೇ ಅವಳ ಮೆಣಸಿನಕಾಯಿ ಇರುತ್ತೆ, ಅಂತ.”

ಗೇಟಿನ ಮಾತು ಈಗ ಬರುತ್ತದೆ ಎಂದು ಬೊಗ್ದಾನಾ ಕಾದಳು. ಬರಲಿಲ್ಲ. ಇಸ್ಕ್ರಾ ಒಳಗೆ ಹೋಗಿ, ಕೋಲಿನ ಸದ್ದು ಅಡುಗೆಮನೆ ಮುಟ್ಟಿ ತಿರುಗಿ ಬರುವವರೆಗೆ ಅವಳು ಕಾಲೊರಸಿನ ಮೇಲೆ ನಿಂತಿದ್ದಳು. ಇಸ್ಕ್ರಾ ತಂದದ್ದು ಒಂದು ಕಾಗದದ ಲೋಟ. ಬಾಯಿಗೆ ಬಿಳಿ ಕಾಗದ ಕಟ್ಟಿತ್ತು, ಮೇಲೆ ಪೆನ್ಸಿಲ್ಲಿನಲ್ಲಿ ಏಳು ಎಂದು ಬರೆದಿತ್ತು. ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿ, ಸಕ್ಕರೆ, ಒಡೆದ ಅಕ್ರೋಟು.

“ಹದಿನಾಲ್ಕು ಮನೆಗೆ ಹದಿನಾಲ್ಕು ಕಟ್ಟಿದ್ದೆ. ಸ್ಮಶಾನಕ್ಕೆ ಹೊತ್ಕೊಂಡು ಹೋಗಿ, ಹಾಗೇ ವಾಪಸ್ ಹೊತ್ಕೊಂಡು ಬಂದೆ. ಎಸೆಯೋ ಹಾಗಿಲ್ಲವಲ್ಲ ಇದನ್ನ. ಹುಳಿ ಬಂದಿದೆ.”

ಬೊಗ್ದಾನಾ ಕಟ್ಟು ಬಿಚ್ಚಿದಳು. ವಾಸನೆ ಮೂಗಿಗೆ ಬಡಿಯಿತು. “ದೇವರು ಅವನನ್ನ ಕ್ಷಮಿಸ್ಲಿ,” ಎಂದಳು, ಈ ಗೋಧಿಯನ್ನು ಕೈಗೆ ತೆಗೆದುಕೊಂಡವರೆಲ್ಲ ಹೇಳುವ ಮಾತು, ಹೇಳಿ ಬೆರಳಿನಿಂದಲೇ ತೆಗೆದು ಬಾಯಿಗಿಟ್ಟಳು. ಗೋಧಿ ಲೋಳೆಯಾಗಿತ್ತು, ನಾಲಗೆ ಜುಮುಗುಟ್ಟುವಷ್ಟು ಹುಳಿ. ಅಗಿದಳು, ನುಂಗಿದಳು, ಇನ್ನೊಂದು ಬೆರಳು ತೆಗೆದಳು. ಇಸ್ಕ್ರಾ ಸಾಕು ಎನ್ನಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಯಾರೋ ಬಂದು ನಿಂತ ಸದ್ದಾಯಿತು, ಬೊಗ್ದಾನಾ ತಿರುಗಿ ನೋಡಲಿಲ್ಲ. ಲೋಟ ಬರಿದಾಯಿತು.

“ಎರಡನೇ ನಂಬರಿನದು ಇದೆಯಾ?” ಎಂದು ಕೇಳಿದಳು.

“ಕಲೋಯಾನ್‌ದಾ? ಇದೆ. ಯಾಕೆ?”

“ಅವನಿಗೆ ಹೊಸದು ಮಾಡಿ ಕೊಡೋಣ. ಅದನ್ನೂ ನನಗೇ ಕೊಡು.”

ಇಸ್ಕ್ರಾ ಅವಳ ಮುಖವನ್ನೂ ಕೈಯನ್ನೂ ನೋಡಿದಳು. ಆಮೇಲೆ ಲೋಟ ತರಲು ಒಳಗೆ ಹೋದಳು, ಬಾಗಿಲು ಮುಚ್ಚದೆ. ಒಳಗೆ ಬಾ ಎಂದು ಹೇಳಲಿಲ್ಲ. ಬೊಗ್ದಾನಾ ಹೊರಗೇ ನಿಂತು ಕಾದಳು.